ಅರವತ್ತಕ್ಕೆ ಅರಳುಮರುಳು ಎಂದು ಬಿಟ್ಟುಬಿಡುವ ಮುನ್ನ

ಅರವತ್ತಕ್ಕೆ ಅರಳುಮರುಳು ಎಂಬ ಮಾತು ನಮ್ಮಲ್ಲಿ ಆಳವಾಗಿ ಬೇರುಬಿಟ್ಟಿದೆ. ಅಜ್ಜ ಒಂದೇ ಪ್ರಶ್ನೆಯನ್ನು ಬೆಳಗಿನಿಂದ ಆರು ಸಲ ಕೇಳಿದರೂ, ಅವ್ವ ಸಾರಿಗೆ ಎರಡು ಸಲ ಉಪ್ಪು ಹಾಕಿದರೂ ‘ವಯಸ್ಸಾತು, ಇನ್ನೇನ್ ಮಾಡಾದು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಥೈರಾಯ್ಡ್ ಕೊರತೆ, ಬಿ12 ಕೊರತೆ, ತಲೆಗೆ ಪೆಟ್ಟು ಬಿದ್ದು ಒಳಗೆ ಕಟ್ಟಿಕೊಂಡ ರಕ್ತ, ಒಗ್ಗದ ಮಾತ್ರೆ, ಕುಗ್ಗಿದ ಮನಸ್ಸು ಇವೆಲ್ಲ ಮರೆವಿನ ವೇಷದಲ್ಲೇ ಬರುತ್ತವೆ. ಇವಕ್ಕೆ ಚಿಕಿತ್ಸೆ ಇದೆ, ಆದರೆ ತಡಮಾಡಿದಷ್ಟು ಫಲ ಕಡಿಮೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜಿನಂತೆ 60 ದಾಟಿದ ಭಾರತೀಯರಲ್ಲಿ ಡಿಮೆನ್ಶಿಯಾ (ನಿತ್ಯದ ಕೆಲಸವೇ ಕೆಡುವಷ್ಟು ನೆನಪು, ತಿಳಿವಳಿಕೆ ಕುಂದಿಸುವ ಮಿದುಳಿನ ಕಾಯಿಲೆ) ಇರುವವರು ಶೇ 7.4, ಸುಮಾರು 88 ಲಕ್ಷ ಜನ. ಉಳಿದ ತೊಂಬತ್ತೆರಡು ಪಾಲು ಹಿರಿಯರಿಗೆ ಅದು ಇಲ್ಲ. ಹಾಗಾಗಿ ಮರೆವನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವಂತಿಲ್ಲ.

ವಯಸ್ಸಾದಂತೆ ಮಿದುಳಿನ ಕೆಲಸ ನಿಧಾನವಾಗುವುದು ನಿಜ. ಬೀಗರ ಹೆಸರು ನಾಲಿಗೆ ತುದಿಯಲ್ಲಿದ್ದೂ ಹೊರಬರುವುದಿಲ್ಲ, ಸಂಜೆ ಹೊತ್ತಿಗೆ ತಾನಾಗಿ ಹೊಳೆಯುತ್ತದೆ. ಕನ್ನಡಕ ಎಲ್ಲಿಟ್ಟೆ ಎಂದು ತಡಕಾಡಿ, ಬಂದ ದಾರಿಯನ್ನು ನೆನೆದು ಹುಡುಕಿಕೊಳ್ಳುತ್ತಾರೆ. ಇದು ಸಹಜ. ಮೊನ್ನೆ ಮದುವೆಗೆ ಹೋಗಿಬಂದದ್ದೇ ಮರೆತು, ಊಟದ್ದು ಉಡುಗೊರೆಯದ್ದು ಸುಳಿವು ಕೊಟ್ಟರೂ ನೆನಪಾಗದಿದ್ದರೆ, ಕನ್ನಡಕ ಅಕ್ಕಿ ಡಬ್ಬಿಯಲ್ಲಿ ಸಿಕ್ಕರೆ, ನಲವತ್ತು ವರ್ಷ ಬಡಿದ ಜೋಳದ ರೊಟ್ಟಿಯ ಹದ ಕೈಗೆ ಸಿಗದೆ ಹೋದರೆ ಅದು ಸಹಜವಲ್ಲ. ಇವೆರಡರ ನಡುವೆ ಒಂದು ಹಂತವಿದೆ: ಮರೆವು ಪರೀಕ್ಷೆಯಲ್ಲಿ ಕಾಣುತ್ತದೆ, ನಿತ್ಯದ ಕೆಲಸ ಮಾತ್ರ ಕೆಟ್ಟಿರುವುದಿಲ್ಲ. ಈ ಹಂತದಲ್ಲಿರುವ ಕೆಲವರು ಡಿಮೆನ್ಶಿಯಾದ ಕಡೆ ಜಾರುತ್ತಾರೆ, ಕೆಲವರು ಅಲ್ಲೇ ನಿಲ್ಲುತ್ತಾರೆ, ಕೆಲವರು ಮೊದಲಿನಂತಾಗುತ್ತಾರೆ. ಅದಕ್ಕೇ ಆರು ತಿಂಗಳಿಗೊಮ್ಮೆ ತಿರುಗಿ ನೋಡಬೇಕು.

ಎರಡು ವಾರ ಬರೆದಿಡಿ

ಆಸ್ಪತ್ರೆಯಲ್ಲಿ ವೈದ್ಯರಿಗೆ ಸಿಗುವುದು ಹತ್ತು ನಿಮಿಷ. ‘ಎಲ್ಲಾ ಮರೀತಾರ್ರಿ’ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಒಂದು ನೋಟ್‌ಬುಕ್ ಇಟ್ಟು ಎರಡು ವಾರ ದಿನಕ್ಕೆ ನಾಲ್ಕೈದು ಸಾಲು ಬರೆಯಿರಿ: ಏನಾಯಿತು, ಎಷ್ಟು ಹೊತ್ತಿಗೆ, ಅದಕ್ಕೆ ಮೊದಲು ಊಟ, ನಿದ್ದೆ, ಮಾತ್ರೆ ಹೇಗಿತ್ತು. ‘ಗೊಂದಲ’ ಎಂಬ ಪದ ಬರೆಯಬೇಡಿ. ‘ಸಂಜೆ 6ಕ್ಕೆ ತನ್ನ ಮನೆಯಲ್ಲೇ ಕೂತು ಮನೀಗೆ ಹೋಗೋಣ ಅಂದರು, ಮಗನನ್ನು ತಮ್ಮ ಎಂದು ಕರೆದರು’ ಎಂದು ಬರೆಯಿರಿ.

ನೋಡಬೇಕಾದದ್ದು ಅವರು ಬದುಕಿನುದ್ದಕ್ಕೂ ಮಾಡಿದ ಕೆಲಸವನ್ನು. ಹೊಲ ಮಾಡಿದವರು ಎಕರೆಗೆ ಎಷ್ಟು ಬೀಜ, ಕೂಲಿಯವರಿಗೆ ಎಷ್ಟು ಬಾಕಿ ಎಂಬುದರಲ್ಲಿ ಎಡವುತ್ತಿದ್ದಾರೆಯೇ? ಎಪಿಎಂಸಿ ಚೀಟಿಯ ಲೆಕ್ಕ ತಾಳೆಯಾಗುತ್ತಿದೆಯೇ? ಅಡುಗೆ ಮಾಡುವವರು ಒಲೆ ಆರಿಸುವುದನ್ನು ಮರೆಯುತ್ತಿದ್ದಾರೆಯೇ, ಒಗ್ಗರಣೆಯ ಕ್ರಮ ತಪ್ಪುತ್ತಿದೆಯೇ? ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ತರುತ್ತಾರೆಯೇ? ಸಂತೆಯಿಂದ ಗೊತ್ತಿರುವ ದಾರಿಯಲ್ಲಿ ಮನೆಗೆ ಬರುತ್ತಾರೆಯೇ? ಈ ಕೆಲಸಗಳಲ್ಲಿ ಕಳೆದ ವರ್ಷಕ್ಕೂ ಈ ವರ್ಷಕ್ಕೂ ವ್ಯತ್ಯಾಸ ಕಂಡರೆ ಅದು ಯಾವುದೇ ಪ್ರಶ್ನಾವಳಿಗಿಂತ ತೂಕದ ಸಾಕ್ಷಿ.

ಮನೆಯಲ್ಲಿ ಪ್ರಶ್ನೆ ಕೇಳುವುದಾದರೆ ಅವರ ಲೋಕದ್ದನ್ನೇ ಕೇಳಿ. ಇಂಗ್ಲಿಷ್ ತಾರೀಖು ಗೊತ್ತಿಲ್ಲದಿರುವುದು ದೋಷವಲ್ಲ. ಇದು ಯಾವ ಮಾಸ, ಅಮಾವಾಸ್ಯೆ ಆಯಿತೋ ಬರಬೇಕೋ, ಊರಿನ ಸಂತೆ ಯಾವ ವಾರ ಎಂದು ಕೇಳಿ. ಜಿಲ್ಲೆಯ ಹೆಸರು ಹಳೆಯದು ಹೇಳಿದರೆ ಅದನ್ನು ರೋಗದ ಲೆಕ್ಕಕ್ಕೆ ಹಾಕಬೇಡಿ. ಕೊಪ್ಪಳ ರಾಯಚೂರಿನಿಂದ ಬೇರೆಯಾದದ್ದು 1997ರಲ್ಲಿ, ಹೊಸಪೇಟೆ ಬಳ್ಳಾರಿಯಿಂದ ವಿಜಯನಗರ ಜಿಲ್ಲೆಗೆ ಹೋದದ್ದು 2021ರಲ್ಲಿ. ಎಂಬತ್ತರ ಹಿರಿಯರು ಹಳೆಯ ಜಿಲ್ಲೆಯನ್ನೇ ಹೇಳುವುದು ರೂಢಿಯ ಮಾತು.

ಹಳೆಯ ನೆನಪು ಗಟ್ಟಿ ಇದೆಯೆಂದು ಸಮಾಧಾನಪಡುವುದೂ ತಪ್ಪು. 1948ರ ರಝಾಕಾರರ ಗಲಾಟೆಯಲ್ಲಿ ಯಾವ ಊರಿಗೆ ಓಡಿಹೋದೆವು, ಗಾಡಿಯಲ್ಲಿ ಯಾರಿದ್ದರು ಎಂದು ಚಾಚೂ ತಪ್ಪದೆ ಹೇಳುವ ಅಜ್ಜನಿಗೆ ಬೆಳಗಿನ ಚಹಾ ಕುಡಿದದ್ದು ನೆನಪಿಲ್ಲದಿರಬಹುದು. ಡಿಮೆನ್ಶಿಯಾದ ಒಂದು ಬಗೆಯಾದ ಆಲ್ಝೈಮರ್ ಕಾಯಿಲೆ ಮೊದಲು ಕೆಡಿಸುವುದು ಹೊಸದನ್ನು ಕೂಡಿಟ್ಟುಕೊಳ್ಳುವ ಭಾಗವನ್ನು. ಹಳೆಯ ನೆನಪು ಬಹುಕಾಲ ಉಳಿಯುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಅದರ ಮಾತಿಲ್ಲದ ಕಟ್ಟೆಯೇ ಇರಲಿಲ್ಲ. ಅಂಥ ಸುದ್ದಿಯನ್ನು ದಿನವೂ ಕೇಳಿದವರಿಗೆ ಅದರ ಸುಳಿವೂ ಉಳಿದಿಲ್ಲವೆಂದರೆ ಬರೆದಿಟ್ಟುಕೊಳ್ಳಿ.

ಮರೆವು ಬಂದ ವೇಗವನ್ನು ಅಳೆಯಿರಿ

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಬದಲಾವಣೆ ಬಂದದ್ದು ಗಂಟೆ ದಿನಗಳಲ್ಲಿಯೇ, ವಾರಗಳಲ್ಲಿಯೇ, ವರ್ಷಗಳಲ್ಲಿಯೇ?

ನಿನ್ನೆ ಸರಿಯಿದ್ದವರು ಇಂದು ತಡಬಡಿಸಿದರೆ ಅದನ್ನು ಡಿಮೆನ್ಶಿಯಾ ಎಂದು ತಿಳಿಯಬೇಡಿ, ತುರ್ತು ಸ್ಥಿತಿ ಎಂದು ತಿಳಿಯಿರಿ. ವೈದ್ಯರು ಇದನ್ನು ಡೆಲಿರಿಯಮ್ ಎನ್ನುತ್ತಾರೆ. ಒಂದು ಗಳಿಗೆ ಸರಿಯಾಗಿ ಮಾತಾಡಿ ಮರುಗಳಿಗೆ ಎಲ್ಲೋ ನೋಡುತ್ತಾರೆ, ಹೊದಿಕೆ ಕಿತ್ತುಕೊಳ್ಳುತ್ತಾರೆ, ಇಲ್ಲದ ಜನರನ್ನು ಕಾಣುತ್ತಾರೆ, ರಾತ್ರಿ ಹೆಚ್ಚಾಗುತ್ತದೆ. ಕೂಗಾಡದೆ ಬರೀ ಮಂಕಾಗಿ ನಿದ್ದೆಗಣ್ಣಲ್ಲಿ ಬಿದ್ದಿರುವ ಬಗೆಯೂ ಇದೆ. ‘ಸುಮ್ನೆ ಮಲಗ್ಯಾರ’ ಎಂದು ಮನೆಯವರು ಬಿಡುವುದು ಇದನ್ನೇ, ಅಪಾಯ ಹೆಚ್ಚಿರುವುದೂ ಇದರಲ್ಲೇ. ಗುರುತಿಸಲು ಸುಲಭದ ದಾರಿ: ಐತವಾರದಿಂದ ಹಿಂದಕ್ಕೆ ವಾರದ ಹೆಸರು ಹೇಳಿಸಿ. ಮೊದಲು ಹೇಳಬಲ್ಲವರಾಗಿದ್ದು ಈಗ ಎರಡನೆಯದಕ್ಕೇ ಎಳೆ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೊರಡಿ.

ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಇದು ಹೆಚ್ಚು ಕಾಣುತ್ತದೆ. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆ. ರಾತ್ರಿ ಏಳಬೇಕಾಗುತ್ತದೆಂದು ಹಿರಿಯರು ನೀರು ಬಿಡುವುದೂ ಉಂಟು. ಇನ್ನೊಂದು ಕಾರಣ ಮಾತ್ರೆಯಲ್ಲಿರುತ್ತದೆ. ಬಿಪಿ ಮಾತ್ರೆಯ ಹೆಸರಿನ ಕೊನೆಗೆ ‘ಎಚ್’ ಅಥವಾ ‘ಸಿಟಿ’ ಎಂದಿದ್ದರೆ ಸಾಮಾನ್ಯವಾಗಿ ಅದರಲ್ಲಿ ಮೂತ್ರ ಹೆಚ್ಚಿಸುವ ಔಷಧ ಸೇರಿರುತ್ತದೆ. ಬೆವರಿನಲ್ಲಿ ಉಪ್ಪು ಹೋಗಿ, ಮಾತ್ರೆಯಿಂದಲೂ ಹೋಗಿ, ಮೇಲೆ ಬರೀ ನೀರು ಕುಡಿದರೆ ರಕ್ತದ ಸೋಡಿಯಂ ಇಳಿಯುತ್ತದೆ; ಆಗ ಮೊದಲು ಮಂಕು, ಆಮೇಲೆ ಗೊಂದಲ, ಕೊನೆಗೆ ಫಿಟ್ಸ್. ಬೇಸಿಗೆ ಬರುವ ಮೊದಲೇ ವೈದ್ಯರಿಗೆ ಮಾತ್ರೆ ತೋರಿಸಿ, ಸೋಡಿಯಂ ಪರೀಕ್ಷೆ ಮಾಡಿಸಿ. ಹೃದಯ, ಕಿಡ್ನಿ ತೊಂದರೆಯಿಂದ ನೀರಿಗೆ ಮಿತಿ ಹಾಕಿಲ್ಲದಿದ್ದರೆ ಎರಡು ಗಂಟೆಗೊಂದು ಲೋಟ ಮಜ್ಜಿಗೆಯನ್ನೋ ನೀರನ್ನೋ ನೀವೇ ಕೈಗಿಡಿ. ಭೇದಿಯಾದಾಗ ಒಆರ್‌ಎಸ್ ಪುಡಿಯ ದೊಡ್ಡ ಪೊಟ್ಟಣವನ್ನು ಪೂರ್ತಿ 1 ಲೀಟರ್ ನೀರಿಗೇ ಕಲಸಬೇಕು. ಅರ್ಧ ಪೊಟ್ಟಣವನ್ನು ಲೋಟಕ್ಕೆ ಹಾಕಿದರೆ ಉಪ್ಪು ಮಿತಿಮೀರುತ್ತದೆ.

ಮೂತ್ರದ ಸೋಂಕು, ನ್ಯುಮೋನಿಯಾ, ಮೂರು ನಾಲ್ಕು ದಿನದ ಮಲಬದ್ಧತೆ, ಮೂತ್ರ ಕಟ್ಟುವುದು ಕೂಡ ಹಿರಿಯರಲ್ಲಿ ಜ್ವರವಿಲ್ಲದೆ ಗೊಂದಲವಾಗಿಯೇ ತೋರಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಕೂಡಲೇ ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದು ನುಂಗುವ ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸಿ ಕೊಡಿ, 15 ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಬಾಯಿ ಓರೆಯಾಗಿ, ಒಂದು ಕೈ ಸೋತು, ಮಾತು ತೊದಲಿದರೆ ಅದು ಪಾರ್ಶ್ವವಾಯು. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವುದು ನಾಲ್ಕೂವರೆ ಗಂಟೆ, ಅದರೊಳಗೆ ಸ್ಕ್ಯಾನ್ ಆಗಿ ಚುಚ್ಚುಮದ್ದೂ ಬೀಳಬೇಕು, ಹಾಗಾಗಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಯನ್ನು ಸಾಕಷ್ಟು ಮೊದಲೇ ತಲುಪಬೇಕು. ಗಾಳಿ ಸೋಕಿದೆ ಎಂದು ಗುಡಿಗೋ ದರ್ಗಾಕ್ಕೋ ಕರೆದೊಯ್ಯುವ ನಂಬಿಕೆ ಅನೇಕ ಮನೆಗಳಲ್ಲಿದೆ. ಹರಕೆ ಆಮೇಲೆ ತೀರಿಸಬಹುದು. ಆ ನಾಲ್ಕೂವರೆ ಗಂಟೆ ಮಾತ್ರ ತಿರುಗಿ ಬರುವುದಿಲ್ಲ.

ವಾರಗಳಲ್ಲಿ ಬಂದ ಬದಲಾವಣೆಯಾದರೆ ಮೊದಲು ‘ಇತ್ತೀಚೆಗೆ ಬಿದ್ದಿದ್ದರೇ?’ ಎಂದು ನೆನಪಿಸಿಕೊಳ್ಳಿ. ಬಚ್ಚಲಲ್ಲಿ ಜಾರಿ ತಲೆ ಗೋಡೆಗೆ ತಗುಲಿದ ಸಣ್ಣ ಪೆಟ್ಟು ಸಾಕು. ಮಿದುಳಿನ ಹೊದಿಕೆಯಡಿ ರಕ್ತ ನಿಧಾನವಾಗಿ ಒಸರಿ, ಮೂರು ವಾರದಿಂದ ಎರಡು ಮೂರು ತಿಂಗಳ ನಂತರ ಮಂಕು, ತಲೆನೋವು, ನಡಿಗೆ ಎಳೆಯುವುದು ಶುರುವಾಗುತ್ತದೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುವವರಿಗೆ ಅಪಾಯ ಹೆಚ್ಚು. ಸಿಟಿ ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದೆ. ರಕ್ತ ತೆಗೆದರೆ ಎಷ್ಟೋ ಮಂದಿ ಮೊದಲಿನಂತಾಗುತ್ತಾರೆ. ಪಾದ ನೆಲಕ್ಕೆ ಅಂಟಿದಂತೆ ನಡಿಗೆ, ಮೂತ್ರ ತಡೆಯಲಾಗದಿರುವುದು, ಮರೆವು ಮೂರೂ ಕೂಡಿ ಕಂಡರೆ ಮಿದುಳಿನಲ್ಲಿ ನೀರು ತುಂಬುವ ಇನ್ನೊಂದು ಸ್ಥಿತಿಯ ಶಂಕೆ. ಅದಕ್ಕೂ ಶಸ್ತ್ರಚಿಕಿತ್ಸೆ ಇದೆ.

ವರ್ಷಗಳಲ್ಲಿ ನಿಧಾನವಾಗಿ, ಯಾವ ತಿಂಗಳು ಶುರುವಾಯಿತೆಂದು ಹೇಳಲಾಗದಂತೆ ಬಂದದ್ದು ಆಲ್ಝೈಮರ್ ಬಗೆ. ಮೆಟ್ಟಿಲಿಳಿದಂತೆ ಒಮ್ಮೆ ಕುಸಿದು, ಕೆಲ ತಿಂಗಳು ನಿಂತು, ಮತ್ತೆ ಕುಸಿದರೆ ರಕ್ತನಾಳದ ಬಗೆ. ಬಿಪಿ, ಸಕ್ಕರೆ, ತಂಬಾಕು ಇರುವವರಲ್ಲಿ ಹೆಚ್ಚು.

ಮಾತ್ರೆಯ ಚೀಲವನ್ನು ಚಾಪೆ ಮೇಲೆ ಸುರಿಯಿರಿ

ಮೂರು ಊರಿನ ಮೂವರು ವೈದ್ಯರು ಬರೆದದ್ದು, ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದದ್ದು, ಪಕ್ಕದ ಮನೆಯವರು ಕೊಟ್ಟ ನೋವಿನ ಎಣ್ಣೆ, ನಾಟಿ ಪುಡಿ ಎಲ್ಲವನ್ನೂ ಹರಡಿ. ಪ್ರತಿ ಸ್ಟ್ರಿಪ್ ಮೇಲಿನ ಔಷಧದ ಮೂಲ ಹೆಸರು ಓದಿ ಬರೆಯಿರಿ. ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ ಒಂದೇ ಮಾತ್ರೆ ಎರಡು ಸಲ ಹೋಗುತ್ತಿರುವುದು ಆಗ ಸಿಕ್ಕಿಬೀಳುತ್ತದೆ.

ಮರೆವು ಹೆಚ್ಚಿಸುವವು ಇವು: ನಿದ್ದೆಗೆ, ಗಾಬರಿಗೆ ಕೊಡುವ ಆಲ್ಪ್ರಜೋಲಮ್, ಕ್ಲೋನಜೆಪಮ್, ಡಯಾಜೆಪಮ್, ನೆಗಡಿ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮೈನ್, ನರನೋವಿಗೆ ಅಮಿಟ್ರಿಪ್ಟಿಲಿನ್, ಹೊಟ್ಟೆನುಲಿತಕ್ಕೆ ಡೈಸೈಕ್ಲೋಮೈನ್, ಮೂತ್ರದ ಅವಸರಕ್ಕೆ ಆಕ್ಸಿಬ್ಯುಟಿನಿನ್, ಕೈನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್. ಮೊದಲ ಗುಂಪನ್ನು ಬಿಟ್ಟರೆ ಉಳಿದವೆಲ್ಲ ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ತಡೆಯುತ್ತವೆ. ನೆನಪಿಗೆ ಬೇಕಾದದ್ದು ಅದೇ, ಆಲ್ಝೈಮರ್‌ನಲ್ಲಿ ಕಡಿಮೆಯಾಗುವುದೂ ಅದೇ. ಪಟ್ಟಿ ನೋಡಿ ನೀವೇ ನಿಲ್ಲಿಸಬೇಡಿ. ವರ್ಷಗಟ್ಟಲೆ ಆಲ್ಪ್ರಜೋಲಮ್ ತಿಂದವರು ದಿಢೀರ್ ಬಿಟ್ಟರೆ ಫಿಟ್ಸ್ ಬರಬಹುದು. ವೈದ್ಯರು ವಾರಗಟ್ಟಲೆ ಸಮಯ ಹಿಡಿದು ಸ್ವಲ್ಪಸ್ವಲ್ಪವೇ ಇಳಿಸಬೇಕು.

ಮೆಟ್‌ಫಾರ್ಮಿನ್ ಮಾತ್ರೆಯನ್ನೂ, ಆ್ಯಸಿಡಿಟಿಗೆಂದು ಒಮಿಪ್ರಜೋಲ್, ಪ್ಯಾಂಟೊಪ್ರಜೋಲ್‌ಗಳನ್ನೂ ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಇಳಿಯುತ್ತದೆ. ಮಾಂಸ, ಮೊಟ್ಟೆ ತಿನ್ನದ, ಹಾಲು ಮೊಸರೂ ಕಡಿಮೆಯಾದ ಹಿರಿಯರಲ್ಲಿ ಇನ್ನೂ ಬೇಗ. ಅಂಗಾಲು ಉರಿ, ಜೋಮು, ಕತ್ತಲಲ್ಲಿ ನಡೆದರೆ ತೂರಾಟ, ಕೆಂಪಾದ ನುಣುಪು ನಾಲಿಗೆ ಇದರ ಗುರುತು.

ಕಿವಿ, ಕಣ್ಣು, ಮನಸ್ಸು

ಕೇಳಿಸದೇ ಇದ್ದದ್ದು ನೆನಪಿನಲ್ಲಿ ಉಳಿಯುವುದು ಹೇಗೆ? ಹಿಂದಿನಿಂದ ಮೆಲ್ಲಗೆ ಮಾತಾಡಿಸಿ ನೋಡಿ. ಕಿವಿಯಲ್ಲಿ ಗುಗ್ಗೆ ಕಟ್ಟಿದ್ದರೆ ತೆಗೆಸಿ, ಶ್ರವಣ ಪರೀಕ್ಷೆ ಮಾಡಿಸಿ, ಬೇಕೆಂದರೆ ಯಂತ್ರ ಹಾಕಿಸಿ. ಕಿವುಡಿಗೆ ಚಿಕಿತ್ಸೆ ಮಾಡದಿರುವುದೇ ಡಿಮೆನ್ಶಿಯಾದ ಅಪಾಯಗಳಲ್ಲೊಂದು. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ತಜ್ಞರ ಆಯೋಗ 2024ರಲ್ಲಿ ಕೊಟ್ಟ ವರದಿ ಎಣಿಸಿದ 14 ಅಪಾಯಕಾರಿ ಅಂಶಗಳಲ್ಲಿ ಕಿವಿ, ಕಣ್ಣು ಎರಡೂ ಇವೆ, ಬಿಪಿ, ಸಕ್ಕರೆ, ಎಲ್‌ಡಿಎಲ್ ಕೊಬ್ಬು, ಧೂಮಪಾನ, ಒಂಟಿತನವೂ ಇವೆ. ಆ ಹದಿನಾಲ್ಕನ್ನೂ ಸರಿಪಡಿಸಿದರೆ ಸುಮಾರು ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು.

ಗಂಡ ಅಥವಾ ಹೆಂಡತಿ ತೀರಿಕೊಂಡ ಮೇಲೆ, ಮಕ್ಕಳು ಬೆಂಗಳೂರಿಗೆ ದುಡಿಯಲು ಹೋದ ಮೇಲೆ ಬಂದ ಮರೆವಿನಲ್ಲಿ ಖಿನ್ನತೆಯನ್ನು ಹುಡುಕಿ. ಖಿನ್ನತೆಯವರು ‘ನನಗ ಏನೂ ನೆನಪಿರಂಗಿಲ್ಲ’ ಎಂದು ತಾವೇ ಹೇಳಿಕೊಳ್ಳುತ್ತಾರೆ, ಪ್ರಶ್ನೆಗೆ ‘ಗೊತ್ತಿಲ್ಲ’ ಎಂದು ಕೈಚೆಲ್ಲುತ್ತಾರೆ, ಬೆಳಗಿನ ಜಾವ ಎಚ್ಚರಾಗಿ ಕೂರುತ್ತಾರೆ. ಡಿಮೆನ್ಶಿಯಾ ಇರುವವರು ಹೆಚ್ಚಾಗಿ ತಮಗೇನೂ ಆಗಿಲ್ಲ ಎನ್ನುತ್ತಾರೆ, ತಪ್ಪು ಉತ್ತರವನ್ನೇ ಧೈರ್ಯವಾಗಿ ಕೊಡುತ್ತಾರೆ. ಎರಡೂ ಒಟ್ಟಿಗಿರುವುದೂ ಉಂಟು. ಖಿನ್ನತೆಗೆ ಚಿಕಿತ್ಸೆ ಕೊಟ್ಟರೆ ಮರೆವು ಎಷ್ಟು ಕರಗುತ್ತದೆಂದು ಆಗ ಕಾಣುತ್ತದೆ.

ಆಸ್ಪತ್ರೆಗೆ ಹೋಗುವಾಗ

ಸರ್ಕಾರಿ ವ್ಯವಸ್ಥೆಯಲ್ಲಿ ದಾರಿ ಹೀಗಿದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಯಾವ ವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯ ಮೂಲಕ ಮೊದಲೇ ಕೇಳಿಕೊಳ್ಳಿ. ಅಲ್ಲಿಂದ ಮುಂದೆ ರಾಯಚೂರಿನ ರಿಮ್ಸ್, ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಆಸ್ಪತ್ರೆ. ಗೊಂದಲ ಬಗೆಹರಿಯದಿದ್ದರೆ ಬೆಂಗಳೂರಿನ ನಿಮ್ಹಾನ್ಸ್. ಈ ನೆಲಕ್ಕೂ ನಿಮ್ಹಾನ್ಸ್‌ಗೂ ಹಳೆಯ ನಂಟಿದೆ: 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಅದು ಮಾನಸಿಕ ಚಿಕಿತ್ಸೆಯ ತರಬೇತಿ ಕೊಟ್ಟ ‘ಬಳ್ಳಾರಿ ಮಾದರಿ’ಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ ಯಾವ ದಿನ ಎಂದು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಜೊತೆಗೆ ಒಯ್ಯಬೇಕಾದದ್ದು ನೋಟ್‌ಬುಕ್, ಮಾತ್ರೆಯ ಚೀಲ, ಹಳೆಯ ವರದಿಗಳು, ಕನ್ನಡಕ, ಕಿವಿ ಯಂತ್ರ. ದಿನವೂ ಜೊತೆಗಿರುವವರೇ ಹೋಗಬೇಕು. ಊರಿಂದ ನಿನ್ನೆ ಬಂದ ಮಗ ಹೇಳುವುದಕ್ಕೂ ಉಣಿಸುವ ಸೊಸೆ ಹೇಳುವುದಕ್ಕೂ ಬಹಳ ಅಂತರ. ಹಿರಿಯರು ಎಷ್ಟನೇ ಇಯತ್ತೆ ಓದಿದ್ದಾರೆ, ಮನೆಮಾತು ಯಾವುದು ಎಂದು ಮೊದಲೇ ಹೇಳಿ. ಶಾಲೆ ಕಾಣದವರಿಗೆ ಗಡಿಯಾರ ಬರೆಸುವ, ನೂರರಿಂದ ಏಳೇಳು ಕಳೆಯಿಸುವ ಪರೀಕ್ಷೆ ಇಟ್ಟರೆ ರೋಗವಿಲ್ಲದಿದ್ದರೂ ಅಂಕ ಕಡಿಮೆ ಬೀಳುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಪರೀಕ್ಷೆಗಳು ಕನ್ನಡದಲ್ಲಿಯೂ ಇವೆ.

ಮಾಡಿಸಬೇಕಾದ ಪರೀಕ್ಷೆಗಳು: ಹಿಮೋಗ್ಲೋಬಿನ್ ಸೇರಿದ ರಕ್ತ ಎಣಿಕೆ, ಬಿ12, ಥೈರಾಯ್ಡ್‌ಗೆ ಟಿಎಸ್‌ಎಚ್, ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕ್ರಿಯಾಟಿನಿನ್, ಸಕ್ಕರೆ, ಲಿವರ್ ಪರೀಕ್ಷೆ, ಒಂದು ಸಲ ಸಿಟಿ ಅಥವಾ ಎಂಆರ್‌ಐ. ಅನುಮಾನವಿದ್ದರೆ ಸಿಫಿಲಿಸ್, ಎಚ್‌ಐವಿ. ಬಿ12 ಮಟ್ಟ 200ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಚುಚ್ಚುಮದ್ದಿನಿಂದಲೇ ಶುರುಮಾಡುತ್ತಾರೆ. ಎರಡು ಸೂಜಿಗೆ ಚೇತರಿಕೆ ಕಂಡಿತೆಂದು ನಡುವೆ ಬಿಡಬೇಡಿ.

ಡಿಮೆನ್ಶಿಯಾ ಎಂದು ಖಚಿತವಾದರೆ ಡೊನೆಪೆಜಿಲ್ ಬರೆಯುವುದು ರೂಢಿ: 5 ಮಿಲಿಗ್ರಾಂ, ನಾಲ್ಕರಿಂದ ಆರು ವಾರದ ನಂತರ ಒಗ್ಗಿದರೆ 10. ಇದು ರೋಗವನ್ನು ಗುಣಪಡಿಸುವುದಿಲ್ಲ. ಕೆಲವರಲ್ಲಿ ನೆನಪು, ಗಮನವನ್ನು ಕೆಲಕಾಲ ಹಿಡಿದಿಡುತ್ತದೆ. ವಾಕರಿಕೆ, ಭೇದಿ ಆಗಬಹುದು. ಕೆಟ್ಟ ಕನಸು ಬಿದ್ದರೆ ರಾತ್ರಿಯ ಬದಲು ಬೆಳಿಗ್ಗೆ ಕೊಡಲು ಬರುತ್ತದೆಯೇ ಕೇಳಿ. ನಾಡಿ ನಿಧಾನವಾಗಿ ತಲೆಸುತ್ತು ಬಂದರೆ ಕೂಡಲೇ ತಿಳಿಸಿ. ರೋಗ ಮಧ್ಯಮ ಹಂತ ಮುಟ್ಟಿದಾಗ ಮೆಮಾಂಟಿನ್ ಸೇರಿಸುತ್ತಾರೆ. ಸಿಟ್ಟಿಗೆ, ಕೂಗಾಟಕ್ಕೆ ಕೊಡುವ ರಿಸ್ಪೆರಿಡೋನ್‌ನಂಥ ಮಾತ್ರೆ ಡಿಮೆನ್ಶಿಯಾದವರಲ್ಲಿ ಪಾರ್ಶ್ವವಾಯು ಮತ್ತು ಸಾವಿನ ಅಪಾಯ ಹೆಚ್ಚಿಸುತ್ತದೆ. ಬೇಕಾದರೆ ಅತಿ ಕಡಿಮೆ ಪ್ರಮಾಣದಲ್ಲಿ, ಗೊತ್ತಾದ ಅವಧಿಗೆ. ವರ್ಷಗಟ್ಟಲೆ ಅದೇ ಚೀಟಿ ತೋರಿಸಿ ತರುತ್ತಿದ್ದರೆ ನಿಲ್ಲಿಸುವ ಮಾತನ್ನು ನೀವೇ ಎತ್ತಿ.

‘ನಾ ಯಾರು, ಗುರ್ತು ಹತ್ತಿತೇನು?’

ಬಂದ ನೆಂಟರೆಲ್ಲ ಕೇಳುವ ಪ್ರಶ್ನೆ ಇದು. ಪ್ರೀತಿಯಿಂದಲೇ ಕೇಳುತ್ತಾರೆ. ಉತ್ತರ ಹೊಳೆಯದೆ ಹತ್ತು ಜನರ ನಡುವೆ ಹಿರಿಯರ ಮುಖ ಬಾಡುವುದನ್ನು ಒಮ್ಮೆ ಗಮನಿಸಿ ನೋಡಿದರೆ ಮತ್ತೆ ಕೇಳಬೇಕೆನಿಸುವುದಿಲ್ಲ. ಹೆಸರು ಮರೆತರೂ ಅವಮಾನವಾದ ನೋವು ಗಂಟೆಗಟ್ಟಲೆ ಉಳಿಯುತ್ತದೆ, ಸಂಜೆಯ ಸಿಡುಕಿಗೆ ಅದೇ ಕಾರಣವಾಗಿರುತ್ತದೆ. ಬಾಗಿಲಲ್ಲೇ ನೆಂಟರಿಗೆ ಹೇಳಿಡಿ: ಎದುರಿಗೆ ಕೂತು, ‘ದೊಡ್ಡಪ್ಪಾ, ನಾನು ಗಂಗಾವತಿ ತಂಗಿಯ ಮಗ’ ಎಂದು ತಾವೇ ಹೆಸರು ಹೇಳಿ ಮಾತು ಶುರುಮಾಡಲಿ.

ಒಂದು ಸಲಕ್ಕೆ ಒಂದೇ ಮಾತು. ‘ಎದ್ದು ಮುಖ ತೊಳಕೊಂಡು ಅಂಗಿ ಹಾಕ್ಕೊಂಡು ಊಟಕ್ಕ ಬಾ’ ಎಂದರೆ ನಾಲ್ಕೂ ಕಳೆದುಹೋಗುತ್ತವೆ. ‘ಎದ್ದೇಳ್ರಿ’ ಎನ್ನಿ, ಎದ್ದ ಮೇಲೆ ಚೊಂಬು ಕೈಗೆ ಕೊಡಿ. ಅದೇ ಪ್ರಶ್ನೆ ಹತ್ತು ಸಲ ಬಂದರೆ ‘ಈಗಷ್ಟೇ ಹೇಳಿದ್ನಲ್ಲ’ ಎನ್ನಬೇಡಿ. ಅವರ ಪಾಲಿಗೆ ಅದು ಮೊದಲ ಸಲವೇ. ಉತ್ತರ ಕೊಟ್ಟು ಕೈಗೊಂದು ಕೆಲಸ ಕೊಡಿ. ಶೇಂಗಾ ಸುಲಿಯುವುದು, ಬೆಳ್ಳುಳ್ಳಿ ಬಿಡಿಸುವುದು, ಬಟ್ಟೆ ಮಡಚುವುದು ಕೈ ಮರೆಯದ ಕೆಲಸಗಳು.

ತಮ್ಮ ಮನೆಯಲ್ಲೇ ಕೂತು ಮನೆಗೆ ಹೋಗಬೇಕೆಂದರೆ ಇದೇ ಮನೆ ಎಂದು ವಾದಿಸಿ ಗೆಲ್ಲಲಾಗದು. ಹೆಚ್ಚಿನ ಸಲ ಅವರು ಕೇಳುತ್ತಿರುವುದು ಬಾಲ್ಯದ ಮನೆಯನ್ನು, ಅಥವಾ ಹಸಿವು, ಮೂತ್ರ, ಭಯ ಇದ್ದು ಹೇಳಲಾಗದೆ ಹಾಗೆನ್ನುತ್ತಾರೆ. ‘ಮನ್ಯಾಗ ಯಾರ್ ಯಾರ್ ಇದ್ರು?’ ಎಂದು ಕೇಳುತ್ತ ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿಸಿ, ಬಚ್ಚಲು ತೋರಿಸಿ, ತಿನ್ನಲು ಕೊಡಿ. ಸಂಜೆ ಇದು ಹೆಚ್ಚುವುದರಿಂದ ಕತ್ತಲಾಗುವ ಅರ್ಧ ಗಂಟೆ ಮೊದಲೇ ದೀಪ ಹಾಕಿ, ಮಧ್ಯಾಹ್ನದ ನಿದ್ದೆ ಮುಕ್ಕಾಲು ಗಂಟೆ ಮೀರದಿರಲಿ, ಮೂರರ ನಂತರ ಚಹಾ ಬೇಡ.

‘ಸೊಸಿ ನನ್ನ ರೊಕ್ಕ ಕದ್ದಾಳ’ ಎಂಬ ಮಾತು ಮನೆ ಒಡೆಯುತ್ತದೆ. ಇಟ್ಟ ಜಾಗ ಮರೆತ ಮಿದುಳು ಖಾಲಿ ಜಾಗಕ್ಕೆ ಕಾರಣ ಹುಡುಕುತ್ತದೆ. ಹತ್ತಿರ ಇರುವವರೇ ಕಳ್ಳರಾಗುತ್ತಾರೆ. ಇದು ರೋಗದ ಮಾತೆಂದು ಗಂಡುಮಕ್ಕಳು, ಅತ್ತಿಗೆ ನಾದಿನಿಯರು ಬಾಯಿಬಿಟ್ಟು ಹೇಳಬೇಕು, ಆರೋಪ ಹೊತ್ತವಳ ಪರವಾಗಿ ನಿಲ್ಲಬೇಕು. ಹುಡುಕಲು ಜೊತೆಗೂಡಿ, ಸಿಕ್ಕಾಗ ಅವರ ಕೈಯಿಂದಲೇ ಎತ್ತಿಸಿ. ಒಂದು ಡಬ್ಬಿಯಲ್ಲಿ ಹತ್ತು ರೂಪಾಯಿ ನೋಟುಗಳನ್ನು ಅವರದೇ ಎಂದು ಇಡುವುದು ಎಷ್ಟೋ ಮನೆಗಳಲ್ಲಿ ಈ ಜಗಳ ತಗ್ಗಿಸುತ್ತದೆ.

ಮಾತಿನ ಬಗ್ಗೆ ಇನ್ನೊಂದು ವಿಷಯ. ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರನ್ನೂ ಆಡುವ ಹಿರಿಯರು ಬಹಳ. ಹೈದರಾಬಾದಿನಲ್ಲಿ 648 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಶಿಯಾ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಂಡಿತ್ತು, ಅಕ್ಷರ ಬಾರದವರಲ್ಲೂ. ರೋಗ ಬಂದಾಗ, ದೊಡ್ಡವರಾದ ಮೇಲೆ ಕಲಿತ ಭಾಷೆ ಮೊದಲು ಸಡಿಲಾಗಿ ತಾಯಿಯ ಮಾತಿಗೆ ಮರಳುವವರಿದ್ದಾರೆ. ಕನ್ನಡದಲ್ಲಿ ಕೇಳಿದ್ದಕ್ಕೆ ಅವ್ವ ತೆಲುಗಿನಲ್ಲಿ ಉತ್ತರಿಸಿದರೆ ತೆಲುಗಿನಲ್ಲೇ ಮುಂದುವರಿಸಿ.

ಮನೆ, ಮಾಳಿಗೆ, ಕಾಲುವೆ

ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವ ರೂಢಿ ಡಿಮೆನ್ಶಿಯಾ ಇರುವವರಿಗೆ ಅಪಾಯ. ನಡುರಾತ್ರಿ ಎದ್ದು ಅಂಗಳವೆಂದು ತಿಳಿದು ಹೆಜ್ಜೆಯಿಡುತ್ತಾರೆ. ಅವರ ಮಂಚ ನೆಲದ ಅಂಗಳದಲ್ಲೇ ಇರಲಿ, ಒಬ್ಬರು ಪಕ್ಕದಲ್ಲಿ ಮಲಗಲಿ, ಮಾಳಿಗೆಯ ಮೆಟ್ಟಿಲಿಗೆ ಕದ ಹಾಕಿ. ಹಾಸಿಗೆಯಿಂದ ಬಚ್ಚಲಿನವರೆಗೆ ಸಣ್ಣ ದೀಪ ರಾತ್ರಿಯಿಡೀ ಉರಿಯಲಿ. ಬಚ್ಚಲ ಕದಕ್ಕೆ ಬೇರೆ ಬಣ್ಣ ಬಳಿಯಿರಿ, ಒಳಗಿನ ಚಿಲಕ ತೆಗೆಯಿರಿ. ಗ್ಯಾಸ್ ಒಲೆಗೆ ರೆಗ್ಯುಲೇಟರ್‌ನಲ್ಲೇ ಬಂದ್ ಮಾಡುವುದನ್ನು ರೂಢಿಸಿಕೊಳ್ಳಿ. ಕೀಟನಾಶಕದ ಬಾಟಲಿ ಬೀಗದೊಳಗಿರಲಿ.

ಮರೆವು ಇನ್ನೂ ಹಗುರವಾಗಿರುವವರಿಗೆ ಚಾವಿ, ಕನ್ನಡಕ, ಫೋನಿಗೆ ಒಂದೇ ಬುಟ್ಟಿ, ದೊಡ್ಡ ಅಂಕಿಯ ಕ್ಯಾಲೆಂಡರಿನಲ್ಲಿ ಕಳೆದ ದಿನಕ್ಕೆ ಗೀಟು, ಏಳು ದಿನದ ಮಾತ್ರೆ ಡಬ್ಬಿ ಸಾಕು. ವಾರಕ್ಕೆ ಒಟ್ಟು 150 ನಿಮಿಷ ಬಿರುಸಾಗಿ ನಡೆಯಲಿ, ಬಿಸಿಲು ಏರುವ ಮೊದಲೇ.

ಮನೆ ಬಿಟ್ಟು ಹೋಗುವ ಅಭ್ಯಾಸವಿದ್ದರೆ ಅಂಗಿಯ ಒಳಜೇಬಿಗೆ, ಸೀರೆಯ ಒಳಲಂಗಕ್ಕೆ ಫೋನ್ ನಂಬರು ಬರೆದ ಬಟ್ಟೆ ಹೊಲಿಯಿರಿ. ಚೀಟಿ ಇಟ್ಟರೆ ತೆಗೆದು ಎಸೆಯುತ್ತಾರೆ. ಜನವರಿಯ ಗವಿಸಿದ್ಧೇಶ್ವರ ಜಾತ್ರೆಯಂಥ ಜನಸಾಗರಕ್ಕೆ ಕರೆದೊಯ್ಯುವುದಾದರೆ ಹೊರಡುವ ಬೆಳಿಗ್ಗೆ ಅದೇ ಬಟ್ಟೆಯಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಮೊಳಕೈಯ ಒಳಭಾಗದಲ್ಲಿ ಪೆನ್ನಿನಿಂದ ನಂಬರು ಬರೆಯಿರಿ. ಕಾಣೆಯಾದರೆ ಮೊದಲು ಓಡಬೇಕಾದದ್ದು ನೀರಿನ ಕಡೆ: ಎಡದಂಡೆ, ಬಲದಂಡೆ ಕಾಲುವೆ, ಕೆರೆ, ಬಾವಿ. ಒಬ್ಬರು ಅತ್ತ ಹೋಗಲಿ, ಇನ್ನೊಬ್ಬರು ಹಳೆಯ ಹೊಲ, ಹಳೆಯ ಮನೆ, ತವರಿನ ಬಸ್ಸು ನಿಲ್ಲುವ ಜಾಗ ನೋಡಲಿ. ಹದಿನೈದು ನಿಮಿಷದಲ್ಲಿ ಸಿಗದಿದ್ದರೆ 112ಕ್ಕೆ ಕರೆ ಮಾಡಿ. ಇಪ್ಪತ್ನಾಲ್ಕು ಗಂಟೆ ಕಾಯಬೇಕೆಂಬುದು ಸುಳ್ಳು ತಿಳಿವಳಿಕೆ.

ಪಹಣಿ, ಹೆಬ್ಬೆಟ್ಟು, ಉಯಿಲು

ಇದನ್ನು ರೋಗ ಗೊತ್ತಾದ ಮೊದಲ ತಿಂಗಳಲ್ಲೇ ಮಾಡಬೇಕು, ಹಿರಿಯರಿಗೆ ತಿಳಿವಳಿಕೆ ಇರುವಾಗಲೇ. ಬುದ್ಧಿ ಸ್ವಾಧೀನದಲ್ಲಿಲ್ಲದ ಹೊತ್ತಿನಲ್ಲಿ ಒತ್ತಿಸಿಕೊಂಡ ಹೆಬ್ಬೆಟ್ಟಿನ ಪತ್ರ ಕಾನೂನಿನಲ್ಲಿ ನಿಲ್ಲುವುದಿಲ್ಲ, ಅಣ್ಣತಮ್ಮಂದಿರ ವ್ಯಾಜ್ಯ ಮಾತ್ರ ಉಳಿಯುತ್ತದೆ. ಮುಖ್ತ್ಯಾರ್ ಪತ್ರ (ಪವರ್ ಆಫ್ ಅಟಾರ್ನಿ) ಮಾಡಿಸಿದರೆ ಸಾಕೆಂದು ಅನೇಕರು ತಿಳಿದಿದ್ದಾರೆ. 1872ರ ಕರಾರು ಕಾಯ್ದೆಯಂತೆ ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಅದೂ ಕೊನೆಗೊಳ್ಳುತ್ತದೆ. ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿ, ಅಂದಿನ ದಿನಾಂಕದ ವೈದ್ಯರ ಪ್ರಮಾಣಪತ್ರ ಜೊತೆಗಿಡಿ. ಹೊಲವನ್ನು ಮಕ್ಕಳಿಗೆ ದಾನಪತ್ರ ಮಾಡಿಕೊಡುವುದಾದರೆ ‘ಕೊನೆತನಕ ನೋಡಿಕೊಳ್ಳತಕ್ಕದ್ದು’ ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಹಾಗೆ ಬರೆದಿದ್ದರೆ, ನೋಡಿಕೊಳ್ಳದ ಮಕ್ಕಳಿಂದ ಹಿಂದಕ್ಕೆ ಪಡೆಯಲು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ನೆರವಾಗುತ್ತದೆ.

ನೋಡಿಕೊಳ್ಳುವವಳು

ಹೆಚ್ಚಿನ ಮನೆಗಳಲ್ಲಿ ಅದು ಒಬ್ಬಳೇ ಹೆಂಗಸು. ರಾತ್ರಿ ನಾಲ್ಕು ಸಲ ಎದ್ದು, ಬೆಳಿಗ್ಗೆ ರೊಟ್ಟಿ ಬಡಿದು, ಮಧ್ಯಾಹ್ನ ಕಳ್ಳಿ ಎನಿಸಿಕೊಂಡು ಮತ್ತೆ ಉಣಿಸುವವಳು. ವಾರದಲ್ಲಿ ಎರಡು ರಾತ್ರಿ ಮನೆಯ ಗಂಡಸರು ಹಿರಿಯರ ಪಕ್ಕ ಮಲಗಬೇಕು. ವಾರಕ್ಕೆ ಅರ್ಧ ದಿನ ಅವಳು ಮನೆಯ ಹೊರಗಿರಬೇಕು. ದೂರದ ಊರಲ್ಲಿರುವ ಮಕ್ಕಳು ಫೋನಿನಲ್ಲಿ ಸಲಹೆ ಕೊಡುವ ಬದಲು ತಿಂಗಳಿಗೆ ನಾಲ್ಕು ದಿನ ಬಂದು ಉಳಿಯಲಿ, ಆಗದಿದ್ದರೆ ಕೂಲಿಗೆ ಒಬ್ಬರನ್ನು ಇಟ್ಟು ಆ ಖರ್ಚು ಹೊರಲಿ. ಅವಳಿಗೇ ನಿದ್ದೆ ಕೆಟ್ಟು, ಅಳು ತಡೆಯದೆ, ಕೈಯೆತ್ತಿ ಹೊಡೆಯುವಷ್ಟು ಸಿಟ್ಟು ಬರುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಹಿರಿಯರ ಪಿಂಚಣಿ, ದೌರ್ಜನ್ಯ, ಆಸರೆಯ ವಿಚಾರಕ್ಕೆ ಹಿರಿಯರ ಸಹಾಯವಾಣಿ 14567. ಮುಂದಿನ ಸಲ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ದಾಗ ಅವಳ ಬಿಪಿ, ಹಿಮೋಗ್ಲೋಬಿನ್ ಕೂಡ ಪರೀಕ್ಷೆ ಮಾಡಿಸಿ, ಆ ಅಂಕಿಯನ್ನು ಅದೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ.